ಬಿದ್ದವನನ್ನು ಎತ್ತಲು ಓಡುವ ಮೊದಲು: ಕಾರ್ಖಾನೆಯ ವಿಷಾನಿಲದ ಬಗ್ಗೆ ನಾವು ತಿಳಿದಿರಬೇಕಾದದ್ದು

2022ರ ಎಪ್ರಿಲ್ 17. ರಮಝಾನ್ ತಿಂಗಳು. ಬಜ್ಪೆ ಸಮೀಪ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಕಾರ್ಮಿಕನೊಬ್ಬ ಕುಸಿದು ಬಿದ್ದ. ಅವನನ್ನು ಎತ್ತಲು ಜೊತೆಗಿದ್ದವರು ಇಳಿದರು. ಒಟ್ಟು 5 ಮಂದಿ ಪ್ರಾಣ ಕಳಕೊಂಡರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು.

2025ರ ಜುಲೈ 12ರಂದು ಎಂಆರ್‌ಪಿಎಲ್‌ನ ಟ್ಯಾಂಕೊಂದರ ಮೇಲೆ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಇಬ್ಬರು ಸಿಬ್ಬಂದಿ ಬಲಿಯಾದರು. ನೆರವಿಗೆ ಹೋದ ಇನ್ನೊಬ್ಬರು ಆಸ್ಪತ್ರೆ ಸೇರಿದರು.

ಒಂದು ಸಣ್ಣ ಘಟಕ, ಇನ್ನೊಂದು ದೊಡ್ಡ ತೈಲ ಶುದ್ಧೀಕರಣಾಗಾರ. ಆದರೆ ಎರಡರಲ್ಲೂ ಅನಿಲಕ್ಕೆ ಸಿಕ್ಕಿದವರಲ್ಲಿ ಉಳಿಸಲು ಓಡಿದವರೂ ಇದ್ದಾರೆ.

ವಾಸನೆ ನಿಂತರೆ ಅಪಾಯ ಕಳೆಯಿತು ಎಂದಲ್ಲ

ಮೀನು, ಚರಂಡಿ, ಕಚ್ಚಾತೈಲ ಎಲ್ಲಿದ್ದರೂ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರ್ತದೆ. ಪ್ರಮಾಣ ಹೆಚ್ಚಾದಾಗ, ಅಂದರೆ ಗಾಳಿಯ 10 ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ಆದಾಗ, ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಇದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆ, ಕೊರೋನ ಕಾಲದ ಮಾಸ್ಕ್ ಇದನ್ನು ತಡೆಯುವುದಿಲ್ಲ.

ಹಾಗಾಗಿ ಟ್ಯಾಂಕಿಗೆ ಇಳಿಯುವ ಮೊದಲು ಮೀಟರಿನಲ್ಲಿ ಒಳಗಿನ ಗಾಳಿ ಪರೀಕ್ಷಿಸಬೇಕು. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡ ಇರುತ್ತದೆ, 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಕೂಡದು. ಇಳಿಯುವವನ ಸೊಂಟಕ್ಕೆ ಬೆಲ್ಟ್ ಮತ್ತು ಹಗ್ಗ, ಹೊರಗೆ ಕದಲದೆ ನಿಲ್ಲುವ ಒಬ್ಬ, ಪಕ್ಕದಲ್ಲೇ ಸಿಲಿಂಡರ್ ಇರುವ ಉಸಿರಾಟದ ಸಾಧನ ಬೇಕು. ಯಾರಾದರೂ ಬಿದ್ದರೆ ಹೊರಗಿನಿಂದಲೇ ಹಗ್ಗ ಎಳೆಯಬೇಕು. ಸಾಧನ ಇಲ್ಲದೆ ಇಳಿದರೆ ಒಂದು ಮಯ್ಯತ್ ಎರಡಾಗುತ್ತದೆ, ಅಷ್ಟೆ.

ಜುಬೈಲ್, ರುವೈಸ್‌ನಂಥ ಕಡೆ ತೈಲ ಕಂಪೆನಿಗಳಲ್ಲಿ ದುಡಿದು ಬಂದ ನಮ್ಮವರಿಗೆ ಇದು ಹೊಸತಲ್ಲ. ಅಲ್ಲಿ ಪರ್ಮಿಟ್ ಇಲ್ಲದೆ ಟ್ಯಾಂಕ್ ಮುಟ್ಟಲೂ ಬಿಡುವುದಿಲ್ಲ. ಅದೇ ಶಿಸ್ತನ್ನು ಊರಿನಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗರಿಗೆ ಅವರೇ ಕಲಿಸಬಹುದು.

ಕಾರ್ಖಾನೆಯ ಹೊರಗಿರುವವರ ಹಕ್ಕು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿದಾಗ ಯಾವ ಕಡೆ ಓಡಬೇಕೆಂದು ಸುತ್ತಲಿನವರಿಗೆ ಹೇಳಿದವರಿರಲಿಲ್ಲ. ಆ ದುರಂತದ ನಂತರ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಅವುಗಳ ಪ್ರಕಾರ ದೊಡ್ಡ ಪ್ರಮಾಣದಲ್ಲಿ ಇಂಥ ರಾಸಾಯನಿಕ ಇಟ್ಟುಕೊಂಡ ಕಾರ್ಖಾನೆ 6 ತಿಂಗಳಿಗೊಮ್ಮೆ ಒಳಗೆ ಅಣಕು ಕಾರ್ಯಾಚರಣೆ ನಡೆಸಬೇಕು. ಹೊರಗಿನ ಯೋಜನೆಯ ತಾಲೀಮು ವರ್ಷಕ್ಕೊಮ್ಮೆಯಾದರೂ ಆಗಬೇಕು. ಅಪಘಾತವಾದರೆ ಏನು ಮಾಡಬೇಕೆಂದು ನೆರೆಯವರಿಗೆ ಮೊದಲೇ ತಿಳಿಸಬೇಕು. 1996ರ ನಿಯಮಗಳು ಇದಕ್ಕಾಗಿ ಜಿಲ್ಲಾ ಮತ್ತು ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನೂ ಕಡ್ಡಾಯ ಮಾಡಿವೆ.

ಈ ಮಾತು ಬೈಕಂಪಾಡಿಗೆ ಮಾತ್ರವಲ್ಲ. ಕನ್ನಡಿಗರು ಬಹಳಷ್ಟಿರುವ ಸೊಲ್ಲಾಪುರದ ಹೊರಗೆ, ಪುಣೆ ಹೆದ್ದಾರಿಯ ಚಿಂಚೋಳಿ ಎಂಐಡಿಸಿಯಲ್ಲಿ ರಾಸಾಯನಿಕ ಘಟಕಗಳಿವೆ. ಅದೇ ಊರಿನ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ 2025ರ ಮೇ 18ರ ನಸುಕಿನಲ್ಲಿ ಟವೆಲ್ ಕಾರ್ಖಾನೆಗೆ ಬೆಂಕಿ ಬಿದ್ದು ಮಾಲಕರ ಕುಟುಂಬದವರೂ ಕಾರ್ಮಿಕರೂ ಸೇರಿ 8 ಮಂದಿ ತೀರಿಕೊಂಡರು. ಅದು ರಾಸಾಯನಿಕ ಸೋರಿಕೆಯಲ್ಲ. ಆದರೆ ಮಲಗಿರುವ ಜನರಿಗೆ ಎಚ್ಚರಿಕೆಯೂ ಹೊರಬರುವ ದಾರಿಯೂ ಎಷ್ಟು ಮುಖ್ಯ ಎಂಬುದನ್ನು ಅದು ತೋರಿಸಿತು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದ್ದೂ ಊರು ನಿದ್ದೆಯಲ್ಲಿದ್ದಾಗಲೇ.

ಸೋರಿಕೆಯಾದರೆ ಏನು ಮಾಡಬೇಕು?

• ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಬಾವುಟ, ತೆಂಗಿನ ಗರಿ ಸಾಕು. ಗಾಳಿಗೆ ಅಡ್ಡವಾಗಿ ಪಕ್ಕಕ್ಕೆ ಹೋಗಿ. ಗಾಳಿ ಹೋಗುವ ದಿಕ್ಕಿಗೇ ಓಡಿದರೆ ಅನಿಲ ನಿಮ್ಮ ಬೆನ್ನಿಗೇ ಬರುತ್ತದೆ. ಕರಾವಳಿಯಲ್ಲಿ ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಬಹುದು.
• ಹೊರಗೆ ಹೋಗಲಾಗದಿದ್ದರೆ ಮನೆಯೊಳಗಿರಿ. ಬಾಗಿಲು, ಕಿಟಕಿ ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನ್, ಎಸಿ ನಿಲ್ಲಿಸಿ.
• ಅಡುಗೆ ಗ್ಯಾಸಿನ ಟ್ಯಾಂಕರ್ ಸೋರಿದ್ದಾದರೆ ಬೆಂಕಿ ಬೇಡ, ಸ್ವಿಚ್ ಮುಟ್ಟಬೇಡಿ, ಬೈಕ್ ಸ್ಟಾರ್ಟ್ ಮಾಡಬೇಡಿ. ವೀಡಿಯೊ ಮಾಡಲು ಹತ್ತಿರ ಹೋಗಲೇಬೇಡಿ.
• ಕಣ್ಣು, ಚರ್ಮ ಉರಿದರೆ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆಯಿರಿ.
• 112ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಜಿಲ್ಲಾ ಕಂಟ್ರೋಲ್ ರೂಮ್ 1077.

ಮಸೀದಿಯ ಮೈಕ್ ಇದೆ

ರಾತ್ರಿ 2 ಗಂಟೆಗೆ ವಾಟ್ಸಪ್ ಯಾರೂ ನೋಡುವುದಿಲ್ಲ, ಮಸೀದಿಯ ಮೈಕ್ ಎಲ್ಲರಿಗೂ ಕೇಳುತ್ತದೆ. ಕಾರ್ಖಾನೆ ಪಕ್ಕದ ಜಮಾಅತ್‌ಗಳು ಜಿಲ್ಲಾಡಳಿತದೊಂದಿಗೆ ಮಾತಾಡಿ, ಯಾರು ಹೇಳಿದರೆ ಏನು ಘೋಷಿಸಬೇಕು ಎಂದು ಈಗಲೇ ನಿಶ್ಚಯಿಸಿಕೊಳ್ಳಲಿ. ಎಲ್ಲ ಧರ್ಮದ ನೆರೆಯವರಿಗೂ ಅರ್ಥವಾಗುವಂತೆ ಕನ್ನಡ, ತುಳು, ಬ್ಯಾರಿಯಲ್ಲಿ ನಾಲ್ಕು ವಾಕ್ಯ ಬರೆದಿಡಲಿ. ನಡೆಯಲಾಗದ ಹಿರಿಯರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಯುವಕರ ಕೈಯಲ್ಲಿರಲಿ.

ನಮ್ಮ ಊರಿನಲ್ಲಿ ಕಳೆದ ಅಣಕು ಕಾರ್ಯಾಚರಣೆ ಯಾವಾಗ ನಡೆಯಿತು? ಮುಂದಿನ ಜಮಾಅತ್ ಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಅದನ್ನೇ ಜಿಲ್ಲಾಧಿಕಾರಿಗೆ ಲಿಖಿತವಾಗಿ ಕೊಡಿ.