ಅಪ್ಪನ ಕಾಯಿಲೆ, ಅಮ್ಮನ ಮೌನ



ಸಂಜೆ ಕಾಲೇಜಿನಿಂದ ಮನೆಗೆ ಬರುತ್ತೀರಿ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಅಮ್ಮ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಾರೆ. "ಏನಾಯ್ತಮ್ಮ?" ಎಂದರೆ "ಏನಿಲ್ಲ, ನೀನು ಊಟ ಮಾಡಿ ಓದ್ಕೊ" ಎನ್ನುತ್ತಾರೆ. ಎರಡು ದಿನದ ಮೇಲೆ ಚಿಕ್ಕಪ್ಪ ಫೋನಿನಲ್ಲಿ ಆಡಿದ ಮಾತಿನಿಂದ ನಿಮಗೆ ವಿಷಯ ತಿಳಿಯುತ್ತದೆ. ಅಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್.

ಇಂಥ ಸಮಯದಲ್ಲಿ ಎಲ್ಲರ ಗಮನವೂ ರೋಗಿಯ ಮೇಲಿರುತ್ತದೆ. ಇರಬೇಕಾದದ್ದೇ. ಆದರೆ ಅದೇ ಮನೆಯಲ್ಲಿ ಇನ್ನೊಬ್ಬರು ಯಾರಿಗೂ ಕಾಣದಂತೆ ಬಳಲುತ್ತಿರುತ್ತಾರೆ. ಅವರೇ ರೋಗಿಯ ಹೆಂಡತಿ, ಅಂದರೆ ನಿಮ್ಮ ತಾಯಿ. ಅವರ ಹೊರೆ ಎಂಥದು, ಅದನ್ನು ನೀವು ಹೇಗೆ ಹಂಚಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಕಾಯಿಲೆಯ ಪರಿಚಯ

ಮೂತ್ರಪಿಂಡಗಳು ರಕ್ತದಿಂದ ಸೋಸಿದ ಮೂತ್ರ ಬಂದು ಸೇರುವ ಚೀಲವೇ ಮೂತ್ರಕೋಶ. ಅದರ ಒಳಪದರದಲ್ಲಿ ಹುಟ್ಟುವ ಗಡ್ಡೆಯೇ ಸಾಮಾನ್ಯವಾಗಿ ಈ ಕ್ಯಾನ್ಸರ್. ಹೆಂಗಸರಿಗಿಂತ ಗಂಡಸರಲ್ಲಿ ಇದು ಮೂರು ನಾಲ್ಕು ಪಟ್ಟು ಹೆಚ್ಚು. ಮುಖ್ಯ ಕಾರಣ ಧೂಮಪಾನ. ಬೀಡಿ ಸಿಗರೇಟಿನ ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಕಾಯಿಲೆ ಮೂತ್ರಕೋಶಕ್ಕೆ ಹೇಗೆ ಬಂತು ಎಂದು ನೀವು ಕೇಳಬಹುದು. ಹೊಗೆಯಲ್ಲಿನ ವಿಷವಸ್ತುಗಳು ರಕ್ತಕ್ಕೆ ಸೇರುತ್ತವೆ. ಮೂತ್ರಪಿಂಡಗಳು ಅವನ್ನು ಸೋಸಿ ಹೊರಹಾಕುತ್ತವೆ. ಮೂತ್ರದೊಂದಿಗೆ ಅವು ಗಂಟೆಗಟ್ಟಲೆ ಕೋಶದಲ್ಲಿ ನಿಂತು ಒಳಪದರವನ್ನು ಕೆಡಿಸುತ್ತವೆ. ಕೆಲವು ಬಣ್ಣದ ರಾಸಾಯನಿಕಗಳೂ ಹೀಗೆಯೇ ಹಾನಿ ಮಾಡುತ್ತವೆ. ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದರು. ಧೂಮಪಾನ ಮಾಡದವರಿಗೂ ಇದು ಬರಬಹುದು ಎಂಬುದನ್ನು ನೆನಪಿಡಿ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು ಇದರ ಮುಖ್ಯ ಲಕ್ಷಣ. ಒಮ್ಮೆ ಕಂಡು ತಾನಾಗಿಯೇ ನಿಂತೂ ಹೋಗಬಹುದು. "ದೇಹ ಉಷ್ಣವಾಗಿದೆ" ಎಂದು ಎಳನೀರು ಕುಡಿದು ಸುಮ್ಮನಾಗುವವರು ಬಹಳ. ಹೀಗೆ ತಿಂಗಳುಗಳು ಕಳೆದುಹೋಗುತ್ತವೆ.

ಸಮಾಧಾನದ ಸಂಗತಿಯೂ ಇದೆ. ಹೊಸದಾಗಿ ಪತ್ತೆಯಾದ ನಾಲ್ವರಲ್ಲಿ ಸುಮಾರು ಮೂವರಿಗೆ ಗಡ್ಡೆ ಒಳಪದರದಲ್ಲೇ ಇರುತ್ತದೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಅದನ್ನು ತೆಗೆಯುತ್ತಾರೆ. ಆಮೇಲೆ ಅಗತ್ಯವಿದ್ದವರಿಗೆ ವಾರಕ್ಕೊಮ್ಮೆಯಂತೆ ಆರು ವಾರ ಬಿಸಿಜಿ ಔಷಧವನ್ನು ಮೂತ್ರಕೋಶದೊಳಕ್ಕೆ ಬಿಡುತ್ತಾರೆ. ಕ್ಷಯರೋಗ ತಡೆಯಲು ಎಳೆಗೂಸಿಗೆ ಹಾಕುವ ಬಿಸಿಜಿಯೇ ಇದು! ಈ ಬಳಕೆಯನ್ನು 1976ರಲ್ಲಿ ವರದಿ ಮಾಡಿದವರು ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು. ಸ್ನಾಯುವಿಗೆ ಇಳಿದಿದ್ದರೆ ಚಿಕಿತ್ಸೆ ದೊಡ್ಡದು. ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಕೆಲವರಿಗೆ ಔಷಧ ಮತ್ತು ವಿಕಿರಣ ಚಿಕಿತ್ಸೆಯನ್ನು ಒಟ್ಟಿಗೆ ಕೊಡುತ್ತಾರೆ.

ಈ ಕಾಯಿಲೆ ಮರುಕಳಿಸುವ ಸ್ವಭಾವದ್ದು. ಆದ್ದರಿಂದ ವರ್ಷಗಟ್ಟಲೆ, ಮೊದಮೊದಲು ಮೂರು ತಿಂಗಳಿಗೊಮ್ಮೆ, ಸಿಸ್ಟೊಸ್ಕೋಪಿ ಎಂಬ ದುರ್ಬೀನು ಪರೀಕ್ಷೆ ಮಾಡಿಸಬೇಕಾಗಬಹುದು. ಮನೆಯವರ ತಾಳ್ಮೆಗೆ ಪರೀಕ್ಷೆ ಇಲ್ಲೇ.

ಅಮ್ಮನ ಹೊರೆ

ಮೂತ್ರದ ವಿಷಯ ಮಾತನಾಡಲು ನಮ್ಮಲ್ಲಿ ಸಂಕೋಚ. ಅಪ್ಪ ಮಕ್ಕಳೆದುರು ಹೇಳುವುದಿಲ್ಲ, ಬಂಧುಗಳೆದುರು ಬೇಡವೆನ್ನುತ್ತಾರೆ. ಹೀಗಾಗಿ ಎಲ್ಲವೂ ಅಮ್ಮನೊಬ್ಬರ ಹೊಟ್ಟೆಯಲ್ಲಿ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಾದ ರಾತ್ರಿ ಮಂಚದ ಪಕ್ಕದ ಚೀಲದಲ್ಲಿ ಕೆಂಪು ಮೂತ್ರ ಕಂಡು ಬೆಚ್ಚಿಬೀಳುವವರು ಅವರು. ಮೊದಲ ಕೆಲವು ದಿನ ಹಾಗೆ ರಕ್ತ ಬೆರೆತು ಬರುವುದು ಸಾಮಾನ್ಯವೆಂದು ಯಾರಾದರೂ ಹೇಳಿದ್ದರೆ ಅವರು ಒಂದಿಷ್ಟು ನಿದ್ದೆ ಮಾಡುತ್ತಿದ್ದರು. ದುಡ್ಡಿನ ಲೆಕ್ಕ, ನೋಡಲು ಬಂದವರ ಉಪಚಾರ, ಅಪ್ಪನ ಸಿಡಿಮಿಡಿ, ನಿಮ್ಮ ಪರೀಕ್ಷೆಯ ಚಿಂತೆ ಎಲ್ಲವೂ ಅವರದೇ. "ಮೊದಲೇ ಬೀಡಿ ಬಿಡಿಸಬೇಕಿತ್ತು" ಎಂದು ತಮ್ಮನ್ನೇ ದೂರಿಕೊಳ್ಳುವ ತಾಯಂದಿರೂ ಇದ್ದಾರೆ. ಅದು ಅವರ ತಪ್ಪಲ್ಲವೆಂದು ನೀವು ಬಾಯಿಬಿಟ್ಟು ಹೇಳಬೇಕು.

ನೀವು ಏನು ಮಾಡಬಹುದು?

ಒಂದು ನೋಟ್‌ಬುಕ್ ಇಡಿ. ವೈದ್ಯರ ಮುಂದೆ ಕುಳಿತಾಗ ಗಾಬರಿಯಲ್ಲಿ ಕೇಳಿದ ಅರ್ಧ ಮಾತು ಮರೆತುಹೋಗುತ್ತದೆ. ಜೊತೆಗೆ ಹೋಗಿ ಬರೆದುಕೊಳ್ಳಿ. ಗಡ್ಡೆ ಸ್ನಾಯುವಿಗೆ ಇಳಿದಿದೆಯೇ? ಬಯಾಪ್ಸಿ ವರದಿಯಲ್ಲಿ ಗ್ರೇಡ್ ಏನಿದೆ? ಮುಂದಿನ ಪರೀಕ್ಷೆ ಯಾವಾಗ? ಈ ಮೂರು ಪ್ರಶ್ನೆಗಳನ್ನು ಕೇಳಲು ಮರೆಯಬೇಡಿ. ವರದಿಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ.

ಬಿಸಿಜಿ ಕೊಟ್ಟ ದಿನ ಕೆಲವು ಎಚ್ಚರಿಕೆಗಳಿವೆ. ಮೊದಲ ಆರು ಗಂಟೆ ಅಪ್ಪ ಕುಳಿತೇ ಮೂತ್ರ ಮಾಡಬೇಕು. ಪ್ರತಿ ಸಲವೂ ಶೌಚಾಲಯಕ್ಕೆ ಬ್ಲೀಚ್ ಹಾಕಿ, ಕಾಲು ಗಂಟೆ ಬಿಟ್ಟು ನೀರು ಹಾಕಬೇಕು. ಈ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಚಳಿ ನಡುಕದೊಂದಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ.

ಖರ್ಚಿನ ವಿಷಯದಲ್ಲೂ ನಿಮ್ಮ ಓದು ಉಪಯೋಗಕ್ಕೆ ಬರಲಿ. ಕರ್ನಾಟಕದಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಬೇಕಾದ ಕಾಗದಗಳನ್ನು ವಿಚಾರಿಸಿ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೆಂದೇ ಇರುವ ಸರ್ಕಾರಿ ನೆರವಿನ ಆಸ್ಪತ್ರೆ.

ಇನ್ನು ಬಂಧುಗಳು. ಕ್ಯಾನ್ಸರ್ ಅಂಟುರೋಗವಲ್ಲ. ಅಪ್ಪನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ, ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಯಾರೋ ನಾಟಿ ಔಷಧದ ಹೆಸರು ಹೇಳಿದರೆ ವೈದ್ಯರನ್ನು ಕೇಳದೆ ಕೊಡಬೇಡಿ. ಅಪ್ಪ ಇನ್ನೂ ಬೀಡಿ ಸೇದುತ್ತಿದ್ದರೆ, ಬಿಟ್ಟರೆ ಈಗಲೂ ಪ್ರಯೋಜನವಿದೆಯೆಂದು ಮೆಲ್ಲಗೆ ಹೇಳಿ. ಹಂಗಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ಒಂದೆರಡು ಸಂಜೆಯಾದರೂ ಅಪ್ಪನ ಬಳಿ ನೀವು ಕುಳಿತು ಅಮ್ಮನನ್ನು ಹೊರಗೆ ಕಳಿಸಿ. ದೇವಸ್ಥಾನಕ್ಕೋ ಅಕ್ಕನ ಮನೆಗೋ ಹೋಗಿಬರಲಿ. ಅವರು ತಮ್ಮ ಬಿಪಿ ಮಾತ್ರೆ ನುಂಗಿದರೇ, ಊಟ ಮಾಡಿದರೇ ಎಂದು ವಿಚಾರಿಸಿ.

ನಿಮ್ಮ ಭಯವೂ ಭಯವೇ

"ನನಗೂ ಬರುತ್ತದೆಯೇ?" ಎಂಬ ಪ್ರಶ್ನೆ ನಿಮ್ಮಲ್ಲಿ ಏಳಬಹುದು. ಹೆಚ್ಚಿನವರಲ್ಲಿ ಈ ಕಾಯಿಲೆ ವಂಶದಿಂದ ಬಂದದ್ದಲ್ಲ. ತಂಬಾಕಿನಿಂದ ದೂರವಿರುವುದೇ ನೀವು ಮಾಡಬಹುದಾದ ದೊಡ್ಡ ರಕ್ಷಣೆ. ಓದು ಬಿಡುವ ಯೋಚನೆ ಬೇಡ. ನಂಬಿಕೆಯ ಅಧ್ಯಾಪಕರೊಬ್ಬರಿಗೆ ವಿಷಯ ತಿಳಿಸಿ. ಹಾಜರಾತಿ, ಪರೀಕ್ಷೆಗಳ ವಿಚಾರದಲ್ಲಿ ಅವರು ದಾರಿ ತೋರಿಸಬಲ್ಲರು.

ಇಂದು ರಾತ್ರಿ ಊಟವಾದ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು, "ಅಮ್ಮ, ನನಗೆ ಗೊತ್ತಾಗಿದೆ. ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ" ಎನ್ನಿ. ಅವರು ಅತ್ತರೆ ಅಳಲಿ, ತಡೆಯಬೇಡಿ. ಅಷ್ಟು ದಿನ ಒಬ್ಬರೇ ಹೊತ್ತದ್ದನ್ನು ಇಳಿಸಲು ಅವರಿಗೊಂದು ಜಾಗ ಸಿಕ್ಕಿದೆ.