ಎರೆ ನೆಲದ ಸವಾರನಿಗೆ ಎಂಥ ಬೂಟು?

ದಿನ್ನಿ ಎಂದರೆ ಏರು ನೆಲ, ದಿಬ್ಬ. ರಾಯಚೂರು ಜಿಲ್ಲೆಯಲ್ಲಿ ಈ ಪದದಿಂದ ಕೊನೆಗೊಳ್ಳುವ ಊರುಗಳು ಹಲವು. ಸಿಂಧನೂರು, ಮಸ್ಕಿ ಸೀಮೆಯ ವಳಕಮದಿನ್ನಿಯೂ ಅವುಗಳಲ್ಲೊಂದು. ಹಿರಿಯರು ದಿಬ್ಬವನ್ನೇ ಹುಡುಕಿ ಮನೆ ಕಟ್ಟಿದ್ದೇಕೆಂದು ತಿಳಿಯಲು ಒಂದು ಜೋರು ಮಳೆ ಸಾಕು. ಈ ಸೀಮೆಯ ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಅಂಟಾಗಿ, ಹೆಜ್ಜೆ ಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ. ಆಗ ನಡೆಯುವವನಿಗೆ ಉಳಿಯುವ ಉಪಾಯ ಒಂದೇ: ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುವುದು. ಪಾದವನ್ನು ರಕ್ಷಿಸಬೇಕಾದ ಪಾದರಕ್ಷೆಯನ್ನು ಪಾದವೇ ರಕ್ಷಿಸುವ ವಿಚಿತ್ರ ಇದು.

ಮೋಟಾರ್ ಸೈಕಲ್ ಸವಾರನಿಗೆ ಈ ಉಪಾಯವೂ ಒದಗುವುದಿಲ್ಲ. ಅವನ ಪಾದ ಸುಮ್ಮನೆ ಜೊತೆಗೆ ಬರುವ ಅಂಗವಲ್ಲ. ಒಂದು ಕಾಲು ಗೇರು ಬದಲಿಸಬೇಕು, ಇನ್ನೊಂದು ಬ್ರೇಕು ಒತ್ತಬೇಕು, ಗಾಡಿ ನಿಂತಾಗ ಒಂದೂವರೆ ಎರಡು ಕ್ವಿಂಟಲ್ ಭಾರಕ್ಕೆ ಆಸರೆಯಾಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಗಾಡಿ ಮಗುಚಿದರೆ ಅದರ ಅಡಿಗೆ ಸಿಕ್ಕುವುದೂ ಪಾದದ ಕೀಲು, ಅದರ ಇಕ್ಕೆಲದ ಗಿಣ್ಣೆಲುಬು. ಇಷ್ಟಾದರೂ ನಮ್ಮ ರಸ್ತೆಗಳಲ್ಲಿ ಬಹುಪಾಲು ಸವಾರರ ಕಾಲಲ್ಲಿ ಕಾಣುವುದು ಹವಾಯಿ ಚಪ್ಪಲಿಯೇ.

ಕಾನೂನೂ ಈ ವಿಷಯದಲ್ಲಿ ಮೌನವಾಗಿದೆ. 1988ರ ಮೋಟಾರು ವಾಹನಗಳ ಕಾಯ್ದೆ ತಲೆಗೆ ಹೆಲ್ಮೆಟ್ ಕಡ್ಡಾಯ ಮಾಡಿತು, ಕಾಲಿನ ಮಾತೆತ್ತಲಿಲ್ಲ. 2019ರಲ್ಲಿ ದಂಡದ ಮೊತ್ತಗಳು ಏರಿದಾಗ ಚಪ್ಪಲಿ ಹಾಕಿ ಗಾಡಿ ಓಡಿಸಿದರೂ ದಂಡವೆಂಬ ಸುದ್ದಿ ಹಬ್ಬಿತು. ಅಂಥ ನಿಯಮವೇ ಇಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿಯೇ ಹೇಳಬೇಕಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಗಣಿಗೆ ಇಳಿಯುವ ಕಾರ್ಮಿಕನಿಗೆ ರಕ್ಷಣೆಯ ಬೂಟು ನಿಯಮದಂತೆಯೇ ಬೇಕು. ಪಾಳಿ ಮುಗಿಸಿ ಬೈಕು ಹತ್ತಿದ ಮೇಲೆ ಅದೇ ಕಾಲಿಗೆ ಯಾವ ನಿಯಮವೂ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಅಪಾಯದ ಪಯಣವೋ!

ಇತ್ತೀಚಿನ ವರ್ಷಗಳಲ್ಲಿ ದೂರದ ಪ್ರವಾಸಕ್ಕೆಂದೇ ಮಾಡಿದ ‘ಟೂರಿಂಗ್ ಬೂಟು’ಗಳು ನಮ್ಮ ಪೇಟೆಗೂ ಬಂದಿವೆ. ಮಳೆಗಾಲದಲ್ಲಿ ಗಂಗಾವತಿ, ಹೊಸಪೇಟೆ ದಾಟಿ ಶಿವಮೊಗ್ಗ, ಆಗುಂಬೆಯತ್ತ ಹೊರಡುವ ಯುವಕರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಇದು ವಾಟರ್‌ಪ್ರೂಫಾ?’ ಎಂಬುದು. ಪ್ರಶ್ನೆ ತಪ್ಪಲ್ಲ, ಅಪೂರ್ಣ. ನೀರು ಎಲ್ಲೆಲ್ಲಿಂದ ಒಳಗೆ ಬರುತ್ತದೆ, ಬಂದ ಮೇಲೆ ಹೊರಗೆ ಹೋಗಲು ಅದಕ್ಕೆ ದಾರಿಯಿದೆಯೇ ಎಂದು ಕೇಳುವುದು ಹೆಚ್ಚು ಸರಿ.

ಚರ್ಮ ಮತ್ತು ನೀರಿನ ಈ ಜಗಳ ನಮ್ಮಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮೆಟ್ಟು ಹೊಲಿದ ಕತೆಯನ್ನು, ಡೋಹರ ಕಕ್ಕಯ್ಯ ಚರ್ಮ ಹದ ಮಾಡುವ ಕಾಯಕದವನೆಂಬುದನ್ನು ಎಲ್ಲರೂ ಬಲ್ಲರು. ತೊಗಲನ್ನು ಕೊಳೆಯದಂತೆ ಕಾಯುವ ಆ ವಿದ್ಯೆಯನ್ನು ಬಳಸಿಕೊಂಡ ಸಮಾಜ, ವಿದ್ಯೆ ಬಲ್ಲವನನ್ನು ಮಾತ್ರ ಊರ ಹೊರಗಿಟ್ಟಿತು. ಜಾಲಿಯ ಚೆಕ್ಕೆ, ತಂಗಡಿಯ ತೊಗಟೆ, ಅಳಲೆಕಾಯಿ ಇವುಗಳ ಒಗರು ರಸದಲ್ಲಿ ತೊಗಲನ್ನು ನೆನೆಸಿ ಹದಗೊಳಿಸುವುದು ಸಾಂಪ್ರದಾಯಿಕ ವಿಧಾನ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮಾಡುವ, ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿ ಈ ಬಗೆಯ ಚರ್ಮದ್ದು. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಬಿಸಿಲು ನಾಡಿಗೆ ಇದಕ್ಕಿಂತ ಹಿತವಾದ ಮೆಟ್ಟು ಇನ್ನೊಂದಿಲ್ಲ. ಆದರೆ ನೀರು ತಾಗಿದರೆ ಈ ಚರ್ಮ ಹೀರಿಕೊಂಡು ಉಬ್ಬುತ್ತದೆ, ಒಣಗಿದಾಗ ಬಿರುಸಾಗುತ್ತದೆ. ಮಳೆಗಾಲ ಬಂತೆಂದರೆ ಅದನ್ನು ಎತ್ತಿಡುವುದೇ ವಾಡಿಕೆ.

ನೀರಿಗೆ ಜಗ್ಗದ ಚರ್ಮ ನಮ್ಮ ದಕ್ಷಿಣಕ್ಕೆ ಬಂದದ್ದು ಬೂಟಿಗಾಗಿ ಅಲ್ಲ, ಬಾವಿಗಾಗಿ ಎಂಬುದು ಸ್ವಾರಸ್ಯದ ಸಂಗತಿ. ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ತೊಗಲಿನ ಬಾನಿ ಸದಾ ನೀರಿನಲ್ಲಿ ನೆನೆದು ಬೇಗ ಕೊಳೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಆಂಗ್ಲ ಅಧಿಕಾರಿ ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ಪ್ರಯೋಗ ನಡೆಸಿದಾಗ ಅವನ ಮುಂದಿದ್ದ ಉದ್ದೇಶಗಳಲ್ಲಿ ಈ ಬಾನಿಯೂ ಒಂದು. ಮುಂದೆ ಆತ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನೂ ಆದ. ಇಂದಿನ ಚರ್ಮದ ಬೂಟುಗಳ ಮೇಲ್ಭಾಗ ಹೆಚ್ಚಾಗಿ ಈ ಕ್ರೋಮ್ ಚರ್ಮದ್ದೇ.

ಆದರೆ ಚರ್ಮ ಎಷ್ಟೇ ಗಟ್ಟಿಯಿರಲಿ, ಹೊಲಿಗೆಯ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ರಬ್ಬರಿನ ಗಂಬೂಟಿಗೆ ಆ ತೊಂದರೆಯಿಲ್ಲ, ಕೆಸರು ಗದ್ದೆಯಲ್ಲಿ ಅದು ಉತ್ತಮ ಸಂಗಾತಿ. ಬೈಕಿನ ಮೇಲೆ ಅದೇ ಗಂಬೂಟು ಎರಡು ಬಗೆಯಲ್ಲಿ ಸೋಲುತ್ತದೆ. ಬೆವರು ಹೊರಹೋಗದೆ ಮಧ್ಯಾಹ್ನದೊಳಗೆ ಕಾಲುಚೀಲ ಒದ್ದೆಯಾಗುತ್ತದೆ, ಬೆರಳ ಸಂದಿಯಲ್ಲಿ ಹುಳುಕು ಏಳುತ್ತದೆ. ಜೊತೆಗೆ ಸಡಿಲವಾದ್ದರಿಂದ ಬಿದ್ದಾಗ ಅದು ಕಾಲಿನಿಂದ ಕಳಚಿಕೊಳ್ಳಬಹುದು, ಗಿಣ್ಣೆಲುಬಿಗೆ ರಕ್ಷಣೆಯನ್ನಂತೂ ಕೊಡದು.

ಈ ಸಂಕಟಕ್ಕೆ ಉತ್ತರವಾಗಿ ಬಂದದ್ದು ತೆಳು ಪೊರೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಅಂಟದ ತವೆಗೆ ಲೇಪಿಸುವ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕಾಯಿಸಿ ಥಟ್ಟನೆ ಜಗ್ಗಿದಾಗ ಅದು ಮುರಿಯದೆ ಹಲವು ಪಟ್ಟು ಹಿಗ್ಗಿತು. ಒಳಗೆಲ್ಲ ಅತಿ ಸಣ್ಣ ರಂಧ್ರಗಳು ಮೂಡಿದ್ದವು. ನೀರಿನ ಹನಿಗೆ ಈ ರಂಧ್ರ ತೀರ ಕಿರಿದು, ಬೆವರಿನ ಆವಿಗೆ ಸಾಕಷ್ಟು ಅಗಲ. ಗೋರ್‌ಟೆಕ್ಸ್ ಹಾಗೂ ಅದರ ಮಾದರಿಯ ಪೊರೆಗಳನ್ನು ಬೂಟಿನ ಹೊರಚರ್ಮ ಮತ್ತು ಒಳವಸ್ತ್ರಗಳ ನಡುವೆ ಚೀಲದಂತೆ ಕೂಡಿಸುತ್ತಾರೆ.

ಇದೇನೂ ಮಾಯೆಯಲ್ಲ. ಒಳಗಿನ ಗಾಳಿಗಿಂತ ಹೊರಗಿನದು ತಂಪಾಗಿ, ಒಣಗಿದ್ದರೆ ಮಾತ್ರ ಆವಿ ಚೆನ್ನಾಗಿ ಹೊರಹೋಗುತ್ತದೆ. ಹೊರಚರ್ಮ ನೀರು ಕುಡಿದು ತೊಯ್ದಿದ್ದರೆ ಪೊರೆಯ ಉಸಿರು ಕಟ್ಟುತ್ತದೆ. ರಾಯಚೂರು ಜಿಲ್ಲೆಯಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ., ಆಗುಂಬೆಯಲ್ಲಿ 7,000 ಮಿ.ಮೀ.ಗೂ ಹೆಚ್ಚು. ನಮ್ಮ ಸವಾರ ಒಂದೇ ಹಗಲಿನಲ್ಲಿ ಇವೆರಡನ್ನೂ ಕಾಣುವವನು. ಊರಲ್ಲೇ, ಜಿಲ್ಲೆಯೊಳಗೇ ಓಡಾಡುವವರಿಗೆ ಪೊರೆಯಿಲ್ಲದ, ಗಾಳಿಯಾಡುವ ಬೂಟೂ ಅದರ ಮೇಲೆ ಮಳೆಗೆ ತೊಡಿಸುವ ಹೊದಿಕೆಯೂ ಸಾಕು. ಪೊರೆಯ ಬೂಟಿಗೆ ಹಣ ಹಾಕಬೇಕಾದವರು ಮಲೆನಾಡಿನ ಮಳೆಯಲ್ಲಿ ದಿನಗಟ್ಟಲೆ ತಿರುಗುವವರು.

ಇನ್ನು ನೀರಿನ ದಾರಿಗಳು. ಪೊರೆಯ ಬೂಟಿನಲ್ಲೂ ಕಾಲು ತೊಯ್ದರೆ ಹೆಚ್ಚಿನ ಸಲ ಕಳ್ಳ ಬಂದಿರುವುದು ಮೇಲಿನಿಂದ. ಪ್ಯಾಂಟಿನ ಮೇಲೆ ಬಿದ್ದ ಮಳೆ ಇಳಿದಿಳಿದು ಬೂಟಿನ ಬಾಯಿಗೆ ಸೇರುತ್ತದೆ. ಮಳೆಪ್ಯಾಂಟಿನ ಅಂಚು ಬೂಟಿನ ಹೊರಗಿರಬೇಕು, ಒಳಗೆ ತುರುಕಬಾರದು. ಬೂಟು ಗಿಣ್ಣಿನ ಮೇಲೆ ಒಂದು ಗೇಣಾದರೂ ಎತ್ತರವಿರಲಿ. ಎರಡನೆಯ ದಾರಿ ಜಿಪ್ಪು. ಅದರ ಹಿಂದೆ ನೀರು ತಡೆಯುವ ಮಡಿಕೆಯ ಪದರ ಇದೆಯೇ, ನಾಲಿಗೆಯ ಎರಡೂ ಅಂಚು ಬೂಟಿಗೆ ಮೇಲಿನವರೆಗೆ ಕೂಡಿವೆಯೇ ಎಂದು ಬೆರಳು ಹಾಕಿ ನೋಡಬೇಕು. ದಾರ ಕಟ್ಟುವ ಬೂಟಾದರೆ ಗಂಟಿನ ಮೇಲೆ ಮುಚ್ಚುಪಟ್ಟಿ ಇರಲೇಬೇಕು. ಇಳಿಬಿದ್ದ ದಾರ ಗೇರಿನ ಕಡ್ಡಿಗೆ ಸಿಕ್ಕಿದರೆ ಗಾಡಿ ನಿಂತಾಗ ಕಾಲು ಊರಲಾಗದೆ ಸವಾರ ಅಡ್ಡಬೀಳುತ್ತಾನೆ.

ಯುರೋಪಿನ ಇ.ಎನ್. 13634 ಎಂಬ ಮಾನದಂಡದ ಗುರುತು ಒಳಚೀಟಿಯಲ್ಲಿದ್ದರೆ ಅದನ್ನು ಓದಲು ಕಲಿಯುವುದು ಒಳ್ಳೆಯದು. ಬೈಕಿನ ಚಿತ್ರದ ಕೆಳಗೆ ನಾಲ್ಕು ಅಂಕಿಗಳಿರುತ್ತವೆ, ಒಂದೊಂದೂ 1 ಅಥವಾ 2. ಬೂಟಿನ ಎತ್ತರ, ರಸ್ತೆಗೆ ಉಜ್ಜಿದಾಗಿನ ತಾಳಿಕೆ, ಹರಿತ ವಸ್ತು ತಾಗಿದಾಗಿನ ತಾಳಿಕೆ, ಅಡ್ಡಲಾಗಿ ಅಮುಕಿದಾಗ ಅಡಿ ತೋರುವ ಬಿಗುವು, ಇದೇ ಕ್ರಮ. ಎತ್ತರದ ಅಂಕಿ 2 ಇದ್ದರೆ ಬೂಟು ಎತ್ತರದ್ದು, ಉಳಿದ ಮೂರರಲ್ಲಿ 2 ಹೆಚ್ಚಿನ ರಕ್ಷಣೆ. ಡಬ್ಲ್ಯು.ಆರ್. ಎಂದಿದ್ದರೆ ನೀರಿನ ಪರೀಕ್ಷೆ, ಐ.ಪಿ.ಎ. ಎಂದಿದ್ದರೆ ಗಿಣ್ಣಿಗೆ ಪೆಟ್ಟಿನ ಪರೀಕ್ಷೆ ಆಗಿದೆಯೆಂದು ಅರ್ಥ. ಚೀಟಿಯಿಲ್ಲದಿದ್ದರೆ ಬೂಟನ್ನು ನಡುವೆ ಎರಡೂ ಬದಿಯಿಂದ ಕೈಯಲ್ಲಿ ಅಮುಕಿ ನೋಡಿ. ಸುಲಭವಾಗಿ ಮಡಿಯುವ ಅಡಿ ಗಾಡಿಯ ಭಾರಕ್ಕೂ ಮಡಿಯುತ್ತದೆ.

ಅಳತೆ ನೋಡುವುದು ಸಂಜೆಯಲ್ಲಿ. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ಊದಿರುತ್ತದೆ. ಪ್ರವಾಸಕ್ಕೆ ತೊಡುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಬೆರಳ ಮುಂದೆ ಸ್ವಲ್ಪ ಜಾಗವಿರಲಿ, ಹಿಮ್ಮಡಿ ಮಾತ್ರ ಏಳಕೂಡದು. ಅಂಗಡಿಯಲ್ಲಿ ನಿಂತು ನೋಡಿದರೆ ಸಾಲದು. ಹೊರಗೆ ನಿಲ್ಲಿಸಿದ ನಿಮ್ಮದೇ ಗಾಡಿಯ ಮೇಲೆ ಕುಳಿತು, ಬೂಟಿನ ಮೂತಿ ಗೇರು ಕಡ್ಡಿಯ ಅಡಿ ಸಲೀಸಾಗಿ ಹೋಗುತ್ತದೆಯೇ ನೋಡಿಕೊಳ್ಳಿ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗಿತ್ತು. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಕಿಕ್ಕರ್ ಕಡ್ಡಿಯೇ ಗೇರಿನ ಕಡ್ಡಿಯೂ ಆಗಿತ್ತು. ಇಂಥ ಗಾಡಿಗಳನ್ನು ಇಂದಿಗೂ ಸಾಕಿಕೊಂಡಿರುವವರು ಗೇರು ಉಜ್ಜುವ ಕಡೆ ಹೆಚ್ಚುವರಿ ಚರ್ಮದ ತೇಪೆಯನ್ನು ಯಾವ ಕಾಲಿಗೆ ಕೇಳಬೇಕೆಂದು ಯೋಚಿಸಬೇಕು. ಆಳವಾದ ಗೆರೆಗಳ ಅಡಿ ಮುರ್ರಂ ದಾರಿಯಲ್ಲಿ ಹಿಡಿತ ಕೊಟ್ಟೀತು, ಎರೆ ಮಣ್ಣಿನಲ್ಲಿ ಗೆರೆಗಳೆಲ್ಲ ತುಂಬಿ ನುಣುಪಾಗುತ್ತದೆ. ಗೆರೆಗಳ ನಡುವೆ ಅಂತರ ಹೆಚ್ಚಿದ್ದರೆ ಮಣ್ಣು ತಾನೇ ಉದುರುತ್ತದೆ.

ಕೊಂಡ ಮೇಲೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಡಬೇಡಿ. ಪಾಲಿಯುರೆಥೇನ್ ಅಡಿ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗಿ ಒಂದು ದಿನ ರೊಟ್ಟಿಯ ಚೂರಿನಂತೆ ಉದುರುತ್ತದೆ. ತೊಯ್ದ ಬೂಟನ್ನು ಒಲೆಯ ಮುಂದಾಗಲಿ, ಗಾಡಿಯ ಬಿಸಿ ಸೈಲೆನ್ಸರಿನ ಮೇಲಾಗಲಿ ಒಣಗಿಸಿದರೆ ಚರ್ಮ ಸಿಡಿಯುತ್ತದೆ, ಅಂಟು ಬಿಡುತ್ತದೆ. ಒಳ ಅಟ್ಟೆಯನ್ನು ಹೊರತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ಮೂತಿಯವರೆಗೆ ತುಂಬಿ ನೆರಳಲ್ಲಿಡಿ, ಗಂಟೆಗೊಮ್ಮೆ ಹಾಳೆ ಬದಲಿಸಿ. ಈ ಪುಟವೂ ನಾಳೆಯ ಹೊತ್ತಿಗೆ ಆ ಕೆಲಸಕ್ಕೆ ಬಂದೀತು.