ಸಿಂಹಾಸನ ಹೊತ್ತ ಮೋಟಾರು

ಜೇವರ್ಗಿಯಿಂದ ಶಹಾಪುರ, ಸುರಪುರಗಳನ್ನು ಹಾದು ಲಿಂಗಸುಗೂರಿನತ್ತ ಸಾಗುವ ಹೆದ್ದಾರಿಯ ಬದಿಯಲ್ಲಿ ನಿಂತಾಗ ಒಮ್ಮೊಮ್ಮೆ ವಿಚಿತ್ರವಾದ ವಾಹನವೊಂದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಅದಕ್ಕೆ ಮೇಲ್ಛಾವಣಿಯಿಲ್ಲ, ಬಾಗಿಲಿಲ್ಲ, ಗಾಜಿಲ್ಲ. ಎರಡು ನೀಳವಾದ ಉಕ್ಕಿನ ತೊಲೆಗಳು, ಅವುಗಳ ಕೆಳಗೆ ಗಾಲಿಗಳು, ಮುಂಭಾಗದಲ್ಲಿ ಗುರುಗುಟ್ಟುವ ಯಂತ್ರ. ಇಷ್ಟೇ ಅದರ ಸರ್ವಸ್ವ. ಚಾಲಕನು ತಲೆಗೆ ವಸ್ತ್ರ ಸುತ್ತಿಕೊಂಡು, ಬಿಸಿಲಿಗೂ ಗಾಳಿಗೂ ಮೈಯೊಡ್ಡಿ ಅದನ್ನು ಓಡಿಸುತ್ತಿರುತ್ತಾನೆ. ಇದು ಲಾರಿಯ ಚಾಸಿ. ಕಾರ್ಖಾನೆಯಿಂದ ಹೊರಟ ಈ ಅಸ್ಥಿಪಂಜರಕ್ಕೆ ಬಡಿಗರೂ ಲೋಹದ ಕೆಲಸಗಾರರೂ ಬೇರೊಂದು ಊರಿನಲ್ಲಿ ಒಡಲನ್ನು ಕಟ್ಟುತ್ತಾರೆ.

ಹೈದರಾಬಾದಿಗೆ ಪ್ರವಾಸ ಹೋಗಿ ಬಂದ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಹಾಕಿದ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಈ ಲಾರಿಯ ನೆನಪಾಯಿತು. ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ಬಣ್ಣದ ಹಳೆಯ ಮೋಟಾರನ್ನು ಕಂಡು ಬಂದಿದ್ದ ಆತನು, “ಅದನ್ನು ಮಾಡಿದವರು ರೋಲ್ಸ್-ರಾಯ್ಸ್ ಎನ್ನುತ್ತಾರೆ, ಬಾರ್ಕರ್ ಎಂದೂ ಎನ್ನುತ್ತಾರೆ. ಯಾವುದು ನಿಜ, ಸರ್?” ಎಂದು ಕೇಳಿದನು. ಎರಡೂ ನಿಜ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಯಂತ್ರ ಒಬ್ಬರದು, ಒಡಲು ಇನ್ನೊಬ್ಬರದು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಶ್ರೀಮಂತರು ಮೋಟಾರು ಕೊಳ್ಳುವ ಕ್ರಮವೇ ಬೇರೆಯಾಗಿತ್ತು. ರೋಲ್ಸ್-ರಾಯ್ಸ್ ಕಂಪನಿಯು ಯಂತ್ರ, ಗಾಲಿ, ಸ್ಪ್ರಿಂಗುಗಳನ್ನು ಕೂಡಿಸಿದ ಚಾಸಿಯನ್ನಷ್ಟೇ ಮಾರುತ್ತಿತ್ತು. ಕೊಂಡವನು ಅದನ್ನು ತನಗೆ ಬೇಕಾದ ಸಾರೋಟು ತಯಾರಕರಿಗೆ ಒಪ್ಪಿಸಿ, ತನ್ನ ಅಭಿರುಚಿಯಂತೆ ಒಡಲನ್ನು ಕಟ್ಟಿಸಿಕೊಳ್ಳುತ್ತಿದ್ದನು. ಲಂಡನ್ನಿನ ಬಾರ್ಕರ್ ಅಂಥ ತಯಾರಕರಲ್ಲಿ ಒಂದು. 1710ರಲ್ಲಿ ಆರಂಭವಾದ ಈ ಸಂಸ್ಥೆ ಸುಮಾರು ಇನ್ನೂರು ವರ್ಷ ಕುದುರೆ ಸಾರೋಟುಗಳನ್ನು ಕಟ್ಟಿ, ಅದೇ ಕೈಗಾರಿಕೆಯನ್ನು ಮೋಟಾರಿಗೆ ಹೊಂದಿಸಿಕೊಂಡಿತು.

ಹೈದರಾಬಾದಿನ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲೀ ಖಾನರು ಇಂಥದೊಂದು ವಾಹನವನ್ನು ಬಯಸಿದರು. ಚಾಸಿ ರೋಲ್ಸ್-ರಾಯ್ಸಿನ ‘ಸಿಲ್ವರ್ ಘೋಸ್ಟ್’, ಒಡಲು ಬಾರ್ಕರರದು. ಮೋಟಾರು ಕೈಸೇರುವ ಮುನ್ನವೇ, 1911ರ ಆಗಸ್ಟಿನಲ್ಲಿ, ಅವರು ತೀರಿಕೊಂಡುದರಿಂದ ಅದು ಮಗ ಮೀರ್ ಉಸ್ಮಾನ್ ಅಲೀ ಖಾನರ ಪಾಲಿಗೆ ಬಂದಿತು. ಹಿಂಭಾಗದಲ್ಲಿ ಸಿಂಹಾಸನದಂತೆ ಎತ್ತರಿಸಿದ ಪೀಠ, ಅದಕ್ಕಿಂತ ತಗ್ಗಿನಲ್ಲಿ ಪರಿವಾರದವರ ಆಸನಗಳು. ಮೆರವಣಿಗೆಯಲ್ಲಿ ಜನರಿಗೆ ಅರಸನು ದೂರದಿಂದಲೇ ಕಾಣಬೇಕೆಂಬುದು ಉದ್ದೇಶ. ಅದು ಓಡಿದುದು ಕೆಲವು ನೂರು ಮೈಲಿ ಮಾತ್ರವೆಂದು ಹೇಳುತ್ತಾರೆ.

ನಿಧಾನವಾಗಿ ನಡೆಯುವ ಕಷ್ಟ

ಮೋಟಾರು ವೇಗವಾಗಿ ಓಡುವುದು ಕಷ್ಟ, ನಿಧಾನವಾಗಿ ನಡೆಯುವುದು ಸುಲಭ ಎಂದು ನಾವು ಭಾವಿಸುತ್ತೇವೆ. ಯಂತ್ರದ ದೃಷ್ಟಿಯಿಂದ ನೋಡಿದರೆ ಇದು ಪೂರ್ತಿ ನಿಜವಲ್ಲ. ಮೆರವಣಿಗೆಯ ವೇಗ ಗಂಟೆಗೆ 5 ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರು. ಗಾಲಿಯ ಸುತ್ತಳತೆ 2.8 ಮೀಟರು ಎಂದಿಟ್ಟುಕೊಂಡರೆ, ಅದು ಸೆಕೆಂಡಿಗೆ ಅರ್ಧ ಸುತ್ತು ಮಾತ್ರ ಸುತ್ತುತ್ತದೆ. ಇಷ್ಟು ಮಂದಗತಿಯಲ್ಲಿ ಎಳೆಯುವಾಗ ಸಾಮಾನ್ಯ ಯಂತ್ರವು ಕುಲುಕುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

ಕಾರಣವಿಷ್ಟೆ. ನಾಲ್ಕು ಹೊಡೆತಗಳ ಯಂತ್ರದಲ್ಲಿ ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಮಾತ್ರ ಬಲವನ್ನು ಕೊಡುತ್ತದೆ. ಉಳಿದ ಕಾಲದಲ್ಲಿ ಅದು ಬಲವನ್ನು ತಿನ್ನುತ್ತದೆ. ಸಿಲಿಂಡರು ಒಂದೇ ಆದರೆ ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವಿನ ಬಿಡುವು ದೀರ್ಘ. ಆರು ಸಿಲಿಂಡರುಗಳಿದ್ದರೆ ಪ್ರತಿ ಸುತ್ತಿಗೆ ಮೂರು ತಳ್ಳುಗಳು, ಅಂದರೆ 120 ಡಿಗ್ರಿಗೊಂದರಂತೆ, ಸಮವಾಗಿ ಬರುತ್ತವೆ. ಸಿಲ್ವರ್ ಘೋಸ್ಟಿನ ಯಂತ್ರವು ಆರು ಸಿಲಿಂಡರುಗಳದು. ಒಟ್ಟು ಗಾತ್ರ 7 ಲೀಟರಿಗೂ ಮಿಕ್ಕಿದ್ದು. ದೊಡ್ಡ ಸಿಲಿಂಡರಿನ ದೊಡ್ಡ ತಳ್ಳಿನಿಂದ ಕಡಿಮೆ ಸುತ್ತಿನಲ್ಲಿಯೂ ತಿರುಗಿಸುವ ಬಲ ಸಾಕಷ್ಟಿರುತ್ತದೆ. 1911ರಲ್ಲಿ ಈ ಜಾತಿಯ ಒಂದು ಮೋಟಾರನ್ನು ಲಂಡನ್ನಿನಿಂದ ಎಡಿನ್‌ಬರೋ ನಗರಕ್ಕೆ ಮೇಲಿನ ಗೇರೊಂದರಲ್ಲಿಯೇ ಓಡಿಸಿ, ಈ ಗುಣವನ್ನು ಲೋಕಕ್ಕೆ ತೋರಿಸಿದರು.

ಇನ್ನೊಂದು ತೊಡಕು ಶಾಖದ್ದು. ಪೆಟ್ರೋಲಿನಿಂದ ಹುಟ್ಟುವ ಶಾಖದಲ್ಲಿ ದೊಡ್ಡದೊಂದು ಭಾಗವನ್ನು ತಂಪು ಮಾಡುವ ನೀರು ಹೊತ್ತೊಯ್ಯುತ್ತದೆ. ವೇಗವಾಗಿ ಓಡುವ ಮೋಟಾರಿನ ರೇಡಿಯೇಟರಿಗೆ ಎದುರುಗಾಳಿಯೇ ಬೀಸಣಿಗೆ. ಕಾಲುನಡಿಗೆಯ ವೇಗದಲ್ಲಿ ಆ ಗಾಳಿಯಿಲ್ಲ. ಆದುದರಿಂದ ಯಂತ್ರವೇ ತಿರುಗಿಸುವ ಪಂಕವೂ ವಿಶಾಲವಾದ ರೇಡಿಯೇಟರೂ ಬೇಕಾಗುತ್ತವೆ.

ಎತ್ತರದ ಪೀಠದಿಂದ ಮೋಟಾರು ಉರುಳದೇ ಎಂದು ನೀವು ಕೇಳಬಹುದು. ತಿರುವಿನಲ್ಲಿ ವಾಹನ ಉರುಳುವುದು ಗಾಲಿಗಳ ನಡುವಣ ಅಂತರದ ಅರ್ಧಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ. ಆ ಅರ್ಧಾಂತರ 0.7 ಮೀಟರು, ಎತ್ತರ 1 ಮೀಟರು ಎಂದು ಭಾವಿಸೋಣ. ಆಗ 20 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರು ಮೀರಿದರೆ ಅಪಾಯ. ಗಂಟೆಗೆ 5 ಕಿಲೋಮೀಟರು ನಡೆಯುವಾಗ ಪಕ್ಕದ ಉತ್ಕರ್ಷ ಗುರುತ್ವದ ನೂರನೆಯ ಒಂದು ಭಾಗ ಮಾತ್ರ. ಅರಸನ ಪೀಠ ಭದ್ರವಾಗಿದ್ದುದು ವೇಗವಿಲ್ಲದ ಕಾರಣದಿಂದಲೇ.

ಮರದ ಎಲುಬು, ಲೋಹದ ಚರ್ಮ

ಒಡಲನ್ನು ಕಟ್ಟುವ ಕೆಲಸ ಮರದಿಂದ ಆರಂಭವಾಗುತ್ತಿತ್ತು. ಆ ಕಾಲದ ಚಾಸಿ ಏಣಿಯಂತೆ. ಒಂದು ಗಾಲಿ ಹಳ್ಳಕ್ಕೆ ಇಳಿದರೆ ತೊಲೆಗಳು ತಿರುಚಿಕೊಳ್ಳುತ್ತಿದ್ದವು. ಅದರ ಮೇಲಿನ ಒಡಲು ಬಿರುಸಾಗಿದ್ದರೆ ಕೀಲುಗಳು ಬಿಡುವುದು ನಿಶ್ಚಯ. ಆದುದರಿಂದ ಬಾಗಿ ಮತ್ತೆ ನೆಟ್ಟಗಾಗುವ ಗುಣವುಳ್ಳ ‘ಆಶ್’ ಮರದ ಚೌಕಟ್ಟನ್ನು ಹೂಡಿ, ಅದಕ್ಕೆ ಅಲ್ಯೂಮಿನಿಯಂ ತಗಡನ್ನು ಹೊದಿಸುತ್ತಿದ್ದರು. ಉಕ್ಕಿನ ಸಾಂದ್ರತೆ 7.8, ಅಲ್ಯೂಮಿನಿಯಮಿನದು 2.7, ತೂಕ ಮೂರನೆಯ ಒಂದು ಭಾಗವಾಯಿತೆಂದು ಹೇಳಬಹುದು.

ಸಪಾಟಾದ ತಗಡಿಗೆ ಉಬ್ಬು ತರಲು ಅದನ್ನು ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು, ಬಳಿಕ ಎರಡು ಉರುಳೆಗಳ ನಡುವೆ ಹಾಯಿಸಿ ನಯ ಮಾಡುತ್ತಿದ್ದರು. ಬಡಿದಷ್ಟೂ ಲೋಹ ಪೆಡಸಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಆದರೆ ಕಬ್ಬಿಣದಂತೆ ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. 660 ಡಿಗ್ರಿಯಲ್ಲಿ, ಬಣ್ಣವನ್ನೇ ಬದಲಿಸದೆ, ಥಟ್ಟನೆ ಕರಗಿಬಿಡುತ್ತದೆ. ಇದಕ್ಕೆ ಕೆಲಸಗಾರರು ಕಂಡುಕೊಂಡ ಉಪಾಯ ಸೊಗಸಾದುದು. ತಗಡಿನ ಮೇಲೆ ಸಾಬೂನನ್ನು ಉಜ್ಜಿ ಕಾಯಿಸುವುದು. ಸಾಬೂನು ಕಪ್ಪಾದೊಡನೆ ಬೆಂಕಿಯನ್ನು ತೆಗೆಯುವುದು. ಉಷ್ಣಮಾಪಕವಿಲ್ಲದೆಯೇ ಸರಿಯಾದ ಉಷ್ಣತೆ ಸಿಕ್ಕಿತು! ಬಣ್ಣದ ಕೆಲಸ ಇನ್ನೂ ನಿಧಾನ. ಎಣ್ಣೆಯ ವಾರ್ನಿಷು ಗಾಳಿಯ ಆಮ್ಲಜನಕವನ್ನು ಹೀರಿ ಒಣಗಬೇಕಾದುದರಿಂದ ತೆಳುವಾದ ಲೇಪಗಳನ್ನು ಒಂದರ ಮೇಲೊಂದು ಹಚ್ಚಿ ಉಜ್ಜುವುದಕ್ಕೆ ವಾರಗಳೇ ಹಿಡಿಯುತ್ತಿದ್ದವು.

ಈ ವಿದ್ಯೆ ಏಕೆ ಅಳಿಯಿತು?

ಇದೇ ಕಾಲದಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡನು ಬೇರೆ ದಾರಿಯನ್ನು ಹಿಡಿದಿದ್ದನು. 1913ರಲ್ಲಿ ಚಲಿಸುವ ಜೋಡಣೆಯ ಸಾಲನ್ನು ಆರಂಭಿಸಿದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1920ರ ದಶಕದಲ್ಲಿ ಬೇಗನೆ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ ಬಂದಿತು. ಅಚ್ಚಿನಲ್ಲಿ ಒತ್ತಿದ ಉಕ್ಕಿನ ಒಡಲುಗಳೂ ಬಂದವು. ಕೊನೆಯ ಪೆಟ್ಟನ್ನು ಕೊಟ್ಟುದು ಚಾಸಿಯೂ ಒಡಲೂ ಒಂದೇ ಆದ ರಚನೆ. 1922ರ ಇಟಲಿಯ ಲಾನ್ಚಿಯ ಲಾಂಬ್ಡಾ ಮೋಟಾರು ಈ ದಾರಿಯಲ್ಲಿ ಮೊದಲಿಗರಲ್ಲೊಂದು.

ಇದರ ತತ್ತ್ವವನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. ರಟ್ಟಿನ ಚಪ್ಪಲಿ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ಎರಡು ತುದಿಗಳನ್ನು ಹಿಡಿದು ತಿರುಚಿರಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳವನ್ನು ಹಾಕಿ ಸುತ್ತಲೂ ಅಂಟಿಸಿ ಮತ್ತೆ ತಿರುಚಿರಿ. ಅದೇ ರಟ್ಟು ಈಗ ಮಣಿಯುವುದಿಲ್ಲ. ಮುಚ್ಚಿದ ಪೆಟ್ಟಿಗೆಯಂಥ ಉಕ್ಕಿನ ಒಡಲೇ ಬಲವನ್ನು ಹೊರಬಲ್ಲುದಾದರೆ ಬೇರೆ ಚಾಸಿ ಏತಕ್ಕೆ? ಬೇರೆ ಚಾಸಿಯೇ ಇಲ್ಲದ ಮೇಲೆ ಅದರ ಮೇಲೆ ಒಡಲು ಕಟ್ಟುವವರಿಗೆ ಕೆಲಸವೆಲ್ಲಿ? ಬಾರ್ಕರ್ ಸಂಸ್ಥೆ 1938ರಲ್ಲಿ ಹೂಪರ್ ಸಂಸ್ಥೆಯಲ್ಲಿ ಲೀನವಾಯಿತು. ಹೂಪರ್ 1959ರಲ್ಲಿ ತನ್ನ ಬಾಗಿಲನ್ನು ಮುಚ್ಚಿತು.

ನಮ್ಮ ನೆಲದ ಪಾಲು

ಆ ಮೋಟಾರಿಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸುರಪುರದ ಸೀಮೆ 1860ರಲ್ಲಿ ನಿಜಾಮರ ಕೈಸೇರಿತು. 1948ರವರೆಗೂ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ರಾಜ್ಯದವೇ ಆಗಿದ್ದವು. ಬೊಕ್ಕಸಕ್ಕೆ ಭೂಕಂದಾಯವೇ ಮುಖ್ಯ ಆಧಾರ. ಜೋಳ ಬೆಳೆದು ಕಂದಾಯ ತೆತ್ತ ನಮ್ಮ ಹಿರಿಯರು ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತ ಬಂಡಿಗೆ ಹೆಗಲು ಕೊಡುತ್ತಿದ್ದ ದಿನಗಳಲ್ಲಿಯೇ ಈ ಸಿಂಹಾಸನ ಹೈದರಾಬಾದಿನ ಬೀದಿಗಳಲ್ಲಿ ಮೆರೆಯಿತು. ಕುಶಲತೆಯನ್ನು ಮೆಚ್ಚುವಾಗ ಈ ಮಾತನ್ನು ಮರೆಯಬಾರದು. ಫೋರ್ಡನ ಮೋಟಾರಿಗೆ ಆ ಸೊಗಸಿರಲಿಲ್ಲ, ಆದರೆ ಅದನ್ನು ಸಾಮಾನ್ಯನೂ ಹತ್ತಿದನು.

ಆದರೂ ಸೊಗಸಿನೊಡನೆ ತಿಳಿವಳಿಕೆಯೂ ಅಳಿದರೆ ನಷ್ಟ ಎಲ್ಲರದು. ಬಾರ್ಕರರ ಬಡಿಗನ ವಿದ್ಯೆಗೂ ನಮ್ಮ ಬಂಡಿಯ ಬಡಿಗನ ವಿದ್ಯೆಗೂ ಬೇರು ಒಂದೇ. ಒಂದೂವರೆ ಮೀಟರು ವ್ಯಾಸದ ಮರದ ಗಾಲಿಗೆ ಅದಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸುವುದನ್ನು ನೆನೆಯಿರಿ. ಉಷ್ಣತೆ 400 ಡಿಗ್ರಿ ಏರಿದರೆ ಹಳಿಯ ಸುತ್ತಳತೆ ಎರಡು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ನೀರು ಸುರಿದೊಡನೆ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪುತ್ತದೆ. ಎಷ್ಟು ಚಿಕ್ಕದಾಗಿ ಮಾಡಬೇಕೆಂಬ ಲೆಕ್ಕ ಬಡಿಗ-ಕಮ್ಮಾರರ ಕೈಯಲ್ಲಿದೆ. ರಬ್ಬರು ಟೈರಿನ ಬಂಡಿಗಳು ಬಂದ ಮೇಲೆ ಅಂಥ ಕೈಗಳು ವಿರಳವಾಗುತ್ತಿವೆ. ನಿಜಾಮರ ಮೋಟಾರನ್ನು ಅರಮನೆಯಲ್ಲಿ ಕಾಪಾಡಿದ್ದಾರೆ. ನಮ್ಮ ಗಾಲಿಯ ಲೆಕ್ಕವನ್ನು ಕಾಪಾಡುವವರಿಲ್ಲ. ಬರುವ ರಜೆಯಲ್ಲಿ ನಿಮ್ಮ ಊರಿನ ಹಿರಿಯ ಬಡಿಗನ ಬಳಿಗೆ ಒಂದು ಅಳತೆಪಟ್ಟಿಯನ್ನೂ ನೋಟುಪುಸ್ತಕವನ್ನೂ ಹಿಡಿದು ಹೋಗಿರಿ. ಗಾಲಿಯ ಅಳತೆ, ಹಳಿಯ ಅಳತೆ, ಬಳಸಿದ ಮರ, ಕಾಯಿಸಿದ ಹೊತ್ತು, ಇವನ್ನೆಲ್ಲ ಬರೆದುಕೊಳ್ಳಿರಿ. ಬಳಿಕ ತರಗತಿಗೆ ಬಂದು, ವಿಕಾಸಾಂಕದ ಸೂತ್ರದೊಡನೆ ಆತನ ಅಂದಾಜನ್ನು ಹೋಲಿಸಿ ನೋಡಿರಿ.